ಮಿಡತೆಯ ಹೊಡೆತ

ಫೆಬ್ರವರಿ 9

ತಮ್ಮಾ,

ತಲುಪಿದೆ ಎಂದು ಒಂದು ಸಾಲು ಬರೆದು ಹಾಕಲು ನಿನಗೆ ಇಷ್ಟು ದಿನ ಬೇಕಾಯಿತು. ಬರೆದದ್ದಾದರೂ ಏನು? ಊಟ ಪರವಾಗಿಲ್ಲ, ಹಾಸಿಗೆ ಗಟ್ಟಿ, ಕೋಣೆಯ ಜೊತೆಗಾರ ಗೊರಕೆ ಹೊಡೆಯುತ್ತಾನೆ. ಅಷ್ಟನ್ನೂ ಅಮ್ಮನಿಗೆ ಓದಿ ಹೇಳಿದೆ, ಅವಳಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ನನಗೆ ಬೇಕಾಗಿದ್ದದ್ದು ನಿನ್ನ ಬ್ಯಾಟಿನ ಸುದ್ದಿ, ಹಾಸಿಗೆಯದಲ್ಲ.

ಕಾಗದದ ಕಾರ್ಖಾನೆಯವರು ನಿನ್ನನ್ನು ಅಷ್ಟು ದೂರ ಕರೆಸಿಕೊಂಡಿರುವುದು ಪ್ಯಾಕಿಂಗ್ ಕೋಣೆಯಲ್ಲಿ ಹಗ್ಗ ಬಿಗಿಯಲು ಅಲ್ಲ, ಅವರ ಬೇಸ್‌ಬಾಲ್ ತಂಡದಲ್ಲಿ ಆಡಲು. ಒಂದು ಸೀಸನ್ ನೋಡುತ್ತಾರೆ. ಸೆಪ್ಟೆಂಬರಿನಲ್ಲಿ ಇಟ್ಟುಕೊಳ್ಳುತ್ತಾರೋ ಗಾಡಿ ಹತ್ತಿಸುತ್ತಾರೋ ಹೇಳುತ್ತಾರೆ. ಆದ್ದರಿಂದ ಹೇಳಿಕೊಟ್ಟದ್ದನ್ನೇ ಮತ್ತೆ ಹೇಳುತ್ತೇನೆ, ಮುಖ ಸೊಟ್ಟ ಮಾಡದೆ ಓದು. ಸೌದೆ ಒಡೆಯುವ ಹಾಗೆ ಮೇಲಿನಿಂದ ಕೆಳಕ್ಕೆ ಹೊಡೆ. ಹಿಂದಿನ ಮೊಣಕೈ ಭುಜದ ಮಟ್ಟಕ್ಕೆ ಎತ್ತಿರಲಿ. ಹಿಂಗಾಲನ್ನು ನೆಲಕ್ಕೆ ಊರಿ, ಜಿರಳೆ ಹೊಸಕಿದ ಹಾಗೆ ತಿರುಚು. ಚೆಂಡು ಬ್ಯಾಟಿಗೆ ತಾಗುವುದನ್ನು ಕಣ್ಣಾರೆ ನೋಡು. ಮಹಡಿಯ ಮೇಲೆ ಕಾಲುಚೀಲ ಸುತ್ತಿದ ಚೆಂಡು ಎಸೆದೂ ಎಸೆದೂ ನನ್ನ ಭುಜ ಬಿದ್ದುಹೋದದ್ದು ಇದಕ್ಕೇ.

ಇನ್ನೊಂದು ಸುದ್ದಿ. ನಮ್ಮ ಶಾಲೆಯಲ್ಲಿ ಕೊನೆಗೂ ಹುಡುಗಿಯರ ಬೇಸ್‌ಬಾಲ್ ತಂಡ ಕಟ್ಟಲು ಒಪ್ಪಿದ್ದಾರೆ. ಆಟದ ಟೀಚರ್ ನಾನೇ ಆದ್ದರಿಂದ ಕೋಚ್ ಕೂಡ ನಾನೇ. ನಾನು ಅವರಷ್ಟು ದೊಡ್ಡವಳಿದ್ದಾಗ ಹುಡುಗಿಯರ ತಂಡ ಎಂದರೆ ಜನ ನಗುತ್ತಿದ್ದರು. ಮೈದಾನದ ಗೋಡೆಯ ಬಿರುಕಿಗೆ ಕಣ್ಣಿಟ್ಟು ಗಂಡಸರ ಅಭ್ಯಾಸ ನೋಡಿ, ಅವರು ಒಬ್ಬರಿಗೊಬ್ಬರು ಕೂಗಿ ಹೇಳುತ್ತಿದ್ದದ್ದನ್ನು ಕೇಳಿಸಿಕೊಂಡು ಕಲಿತವಳು ನಾನು. ಒಂದು ಪಂದ್ಯವನ್ನೂ ಆಡಲಿಲ್ಲ. ಕಲಿತದ್ದನ್ನೆಲ್ಲ ನಿನ್ನ ಕೈಗೆ ಹಾಕಿದೆ. ಈಗ ಇವರ ಕೈಗೂ ಹಾಕುತ್ತೇನೆ.

ಬೇಗ ಬರೆ. ಹಾಸಿಗೆ ಬಿಟ್ಟು ಬೇರೆ ಏನಾದರೂ ಬರೆ.

ಅಕ್ಕ

ಮಾರ್ಚ್ 3

ಅಕ್ಕಾ,

ಬೈಗುಳ ಕ್ಷೇಮವಾಗಿ ತಲುಪಿತು. ತಂಡದ ಸುದ್ದಿ ಕೇಳಿ ನಾನು ಕೋಣೆಯಲ್ಲೇ ಕುಣಿದೆ. ಗೊರಕೆಯವನು ಎದ್ದು ಕೂತು, ಭೂಕಂಪವಾ ಎಂದು ಕೇಳಿದ.

ನನ್ನ ಆರಂಭ ಚೆನ್ನಾಗಿಲ್ಲ. ಹೊಡೆದ ಚೆಂಡೆಲ್ಲ ನೆಲಕ್ಕೆ ಬಡಿದು, ಉರುಳಿಕೊಂಡು, ನೇರವಾಗಿ ಎದುರಾಳಿಯ ಕೈ ಸೇರುತ್ತಿದೆ. ಇಲ್ಲಿನ ಕೋಚ್ ವಯಸ್ಸಾದವರು, ನಾವೆಲ್ಲ ತಾತ ಎನ್ನುತ್ತೇವೆ. ನಿನ್ನೆ ನನ್ನನ್ನು ಕ್ಯಾಂಟೀನಿನ ಹಿಂದಿನ ಕೋಣೆಗೆ ಕರೆದೊಯ್ದು, ಗೋಡೆಯ ಮೇಲೆ ಒಂದು ಫಿಲ್ಮ್ ಹಾಕಿ ತೋರಿಸಿದರು. ದೊಡ್ಡ ದೊಡ್ಡ ಆಟಗಾರರ ಹೊಡೆತಗಳು, ತೀರಾ ನಿಧಾನವಾಗಿ.

"ಎಸೆಯೋನು ದಿಬ್ಬದ ಮೇಲೆ ನಿಂತಿರ್ತಾನೆ. ಚೆಂಡು ಇಳೀತಾ ಬರುತ್ತೆ. ನೀನೂ ಮೇಲಿಂದ ಕೆಳಕ್ಕೇ ಕಡಿದ್ರೆ ಬ್ಯಾಟು ಅದರ ದಾರೀನ ಒಂದು ಕಡೆ ದಾಟಿ ಹೋಗುತ್ತೆ, ಅಷ್ಟೆ. ಸ್ವಲ್ಪ ಏರ್ತಾ ಬಂದ್ರೆ ಅದೇ ದಾರೀಲಿ ಹೆಚ್ಚು ಹೊತ್ತು ಇರುತ್ತೆ," ಎಂದರು. ಹಿಂಗಾಲನ್ನೂ ತೋರಿಸಿದರು. ಅದನ್ನು ಯಾರೂ ತಿರುಚುವುದಿಲ್ಲವಂತೆ. ಮೈಭಾರ ಮುಂದಕ್ಕೆ ಹೋದಾಗ ಹಿಮ್ಮಡಿ ತಾನಾಗಿ ಏಳುತ್ತದೆ, ಬೆರಳ ತುದಿ ಮಾತ್ರ ನೆಲ ಸವರುತ್ತದೆ.

"ಈ ಆಟಗಾರರೇ ಕೆಳಕ್ಕೆ ಹೊಡೀರಿ ಅಂತ ಹೇಳ್ತಾರಲ್ಲ ತಾತ?" ಎಂದು ಕೇಳಿದೆ.

"ಹೇಳ್ತಾರಪ್ಪ. ಅವರಿಗೆ ಹಾಗನ್ನಿಸುತ್ತೆ. ಮೈ ಮಾಡೋದೇ ಬೇರೆ. ನೀನು ಅವರ ಬಾಯಿ ಕೇಳ್ಬೇಡ, ಸೊಂಟ ನೋಡು," ಎಂದರು. ಆಮೇಲೆ, "ನಿಂಗೆ ಯಾರು ಹೇಳ್ಕೊಟ್ಟಿದ್ದು?" ಎಂದರು. ನಾನು ಸುಮ್ಮನೆ ನಕ್ಕೆ.

ಏನು ಮಾಡಲಿ ಅಕ್ಕಾ?

ತಮ್ಮ

ಮಾರ್ಚ್ 19

ತಮ್ಮಾ,

ಸುಮ್ಮನೆ ನಕ್ಕೆಯಾ? ನಮ್ಮಕ್ಕ ಹೇಳಿಕೊಟ್ಟಳು ಅನ್ನಲು ನಾಲಿಗೆ ಏಳಲಿಲ್ಲವೇ? ಎರಡು ತಿಂಗಳಿಗೇ ನಿನಗೆ ಕೊಂಬು ಬಂದಿದೆ. ಆಡುವವರಿಗಿಂತ ಆಟ ಚೆನ್ನಾಗಿ ಗೊತ್ತಿರುವ ಆ ತಾತನಿಗೆ ನನ್ನ ನಮಸ್ಕಾರ ಹೇಳು. ಫಿಲ್ಮ್ ನೋಡಿ ಬ್ಯಾಟ್ ಮಾಡುವುದಾದರೆ ಟಿಕೆಟ್ ತೆಗೆದುಕೊಂಡವರೆಲ್ಲ ಆಟಗಾರರೇ.

ಏಪ್ರಿಲ್ 2

ಮೇಲಿನದನ್ನು ಬರೆದು, ಲಕೋಟೆಗೆ ಹಾಕದೆ ಮೇಜಿನ ಮೇಲೇ ಬಿಟ್ಟಿದ್ದೆ. ಹರಿಯಬೇಕೆಂದುಕೊಂಡೆ. ಇರಲಿ, ನನ್ನ ಕೋಪ ನಿನಗೆ ಹೊಸದಲ್ಲ.

ಕೋಪ ಇಳಿದ ಮೇಲೆ ಒಂದು ಮಾತು ಕೇಳುತ್ತೇನೆ. ನನ್ನ ಹುಡುಗಿಯರ ಚೆಂಡೂ ಉರುಳುತ್ತಿದೆ. ನಾನು ಹೇಳಿದ ಹಾಗೇ ಹೊಡೆಯುತ್ತಾರೆ, ಪಾಪ, ಮೊಣಕೈ ಎತ್ತಿ, ಕಾಲು ಹೊಸಕಿ. ಚೆಂಡು ಮಾತ್ರ ಎರಡು ಹೆಜ್ಜೆ ಹೋಗಿ ಮಲಗುತ್ತದೆ. ಒಬ್ಬಳದನ್ನು ಬಿಟ್ಟು. ಅವಳನ್ನು ಎಲ್ಲರೂ ಮಿಡತೆ ಎನ್ನುತ್ತಾರೆ, ಮೈಯೆಲ್ಲ ಕಾಲೇ. ಬಟ್ಟೆ ಒಗೆಯುವ ಅಂಗಡಿಯವಳ ಮಗಳು. ಯಾರೂ ಅವಳಿಗೆ ಏನೂ ಹೇಳಿಕೊಟ್ಟಿಲ್ಲ. ಬ್ಯಾಟನ್ನು ಕೆಳಗಿನಿಂದ ಮೊಗೆದ ಹಾಗೆ ತರುತ್ತಾಳೆ, ಮೊಣಕೈ ಪಕ್ಕೆಗೆ ಅಂಟಿರುತ್ತದೆ, ಹಿಂಗಾಲು ಗಾಳಿಯಲ್ಲಿ. ನಾನು ಹೇಳುವುದಕ್ಕೆಲ್ಲ ತದ್ವಿರುದ್ಧ. ಚೆಂಡು ಉಗ್ರಾಣದ ಹೆಂಚಿನ ಮಾಡು ದಾಟಿ ಹೋಗುತ್ತದೆ! ಹೊಡೆದ ಮೇಲೆ ಏನೂ ಆಗದವಳ ಹಾಗೆ ಮೂಗು ಕೆರೆದುಕೊಳ್ಳುತ್ತಾಳೆ.

ಅವಳನ್ನು ನೋಡಿದಾಗಿನಿಂದ ನನಗೆ ಸಮಾಧಾನವಿಲ್ಲ. ನಾನು ಗೋಡೆಯ ಬಿರುಕಿನಲ್ಲಿ ನೋಡಿದವಳು. ನೀನು ಈ ಹೊತ್ತಿಗೆ ಎರಡನ್ನೂ ಮೈದಾನದಲ್ಲಿ ಮಾಡಿ ನೋಡಿರುತ್ತೀಯ. ನಾನು ಹೇಳಿಕೊಟ್ಟದ್ದು ತಪ್ಪೇ? ನೀನು ಹೌದು ಎಂದರೆ ನಾಳೆಯೇ ಬದಲಾಯಿಸುತ್ತೇನೆ, ಆ ಹುಡುಗಿಯನ್ನು ಅವಳ ಪಾಡಿಗೆ ಬಿಡುತ್ತೇನೆ. ನಿಜ ಬರೆ.

ಅಕ್ಕ

ಏಪ್ರಿಲ್ 16

ಅಕ್ಕಾ,

ನೀನು ಹೀಗೆಲ್ಲ ಕೇಳುವವಳೇ ಅಲ್ಲ. ಶಾಲೆಯಲ್ಲಿ ಯಾರು ಏನಂದರು? ಆ ವಿಜ್ಞಾನದ ಮೇಷ್ಟ್ರು ಮತ್ತೆ ಮೂಗು ತೂರಿಸಿದರಾ? ಯಾರ ಮಾತನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನೀನು ಹೇಳಿಕೊಟ್ಟದ್ದರಲ್ಲಿ ಏನೂ ತಪ್ಪಿಲ್ಲ. ಮೊದಲಲ್ಲಿ ನನಗೆ ಹೊಸ ಜಾಗ, ಹೊಸ ಜನ, ಅದಕ್ಕೇ ತಡವರಿಸಿದೆ. ಈಗ ಕೈ ಕುದುರಿದೆ. ಹೋದ ಭಾನುವಾರ ಒಂದು ಚೆಂಡು ಬೇಲಿ ದಾಟಿ ಲಾರಿಗಳ ನಡುವೆ ಬಿತ್ತು. ತಾತ ಟೋಪಿ ತೆಗೆದು ತಲೆ ಕೆರೆದುಕೊಂಡರು. ಎಲ್ಲ ನಿನ್ನದೇ ಅಕ್ಕಾ. ನೀನು ಹೇಗೆ ಹೇಳಿಕೊಟ್ಟೆಯೋ ಹಾಗೇ ಹೊಡೆಯುತ್ತಿದ್ದೇನೆ. ಹುಡುಗಿಯರಿಗೂ ಸ್ವಲ್ಪ ದಿನ ಬೇಕು, ಅಷ್ಟೆ.

ಭುಜಕ್ಕೆ ಬಿಸಿನೀರಿನ ಶಾಖ ಕೊಟ್ಟುಕೋ. ಅಮ್ಮನಿಗೆ ಹಾಸಿಗೆ ಈಗ ಮೆತ್ತಗಾಗಿದೆ ಎಂದು ಹೇಳು.

ತಮ್ಮ

ಮೇ 5

ನನ್ನ ಬಂಗಾರದ ತಮ್ಮಾ,

ನಿನ್ನ ಪತ್ರವನ್ನು ಹುಡುಗಿಯರನ್ನೆಲ್ಲ ನೆರಳಿನಲ್ಲಿ ಕೂರಿಸಿ ಗಟ್ಟಿಯಾಗಿ ಓದಿದೆ. ಲಾರಿಗಳ ನಡುವೆ ಬಿತ್ತು ಎನ್ನುವಲ್ಲಿ ಚಪ್ಪಾಳೆ ಹೊಡೆದರು. ಸಿಬ್ಬಂದಿ ಕೋಣೆಯಲ್ಲೂ ಓದಿದೆ. ನೀನು ಊಹಿಸಿದ್ದು ಸರಿ, ವಿಜ್ಞಾನದ ಮೇಷ್ಟ್ರು ಸೀಮೆಸುಣ್ಣ ಹಿಡಿದು ಚೆಂಡು ಇಳಿಯುವ ಗೆರೆ ಎಳೆದು ತೋರಿಸುತ್ತಿದ್ದರು. "ನಿಮ್ಮ ಗೆರೆ ಬೋರ್ಡಿನ ಮೇಲಿರಲಿ ಸಾರ್, ನಮ್ಮ ಹುಡುಗ ಮೈದಾನದಲ್ಲಿದ್ದಾನೆ," ಅಂದೆ. ಅವರು ಕೈ ಒರೆಸಿಕೊಂಡು ಎದ್ದುಹೋದರು. ನನಗೆ ಎಷ್ಟು ಹಗುರಾಯಿತು ಗೊತ್ತೇ? ಇಷ್ಟು ದಿನ ಒಳಗೇ ಕೊರೆಯುತ್ತಿತ್ತು.

ಈಗ ಮಿಡತೆಯನ್ನು ತಿದ್ದಲು ಹಿಡಿದಿದ್ದೇನೆ. ಅವಳಿಗೆ ದೇವರು ಕೊಟ್ಟ ಬಲವಿದೆ, ಕ್ರಮವಿಲ್ಲ. ಇಷ್ಟು ಅಡ್ಡಾದಿಡ್ಡಿ ಹೊಡೆದೇ ಮಾಡು ದಾಟಿಸುವವಳು, ಸರಿಯಾಗಿ ಹೊಡೆದರೆ ಎಲ್ಲಿಗೆ ಹೋದಾಳು! ದಿನಾ ಸಂಜೆ ಅವಳೊಬ್ಬಳನ್ನೇ ಉಳಿಸಿಕೊಳ್ಳುತ್ತೇನೆ. ಮೊಣಕೈ ಇಳಿಯದಿರಲೆಂದು ಕೆಳಗೆ ಒಂದು ಕೋಲು ಹಿಡಿಯುತ್ತೇನೆ. "ಟೀಚರ್, ಹೀಗೆ ಹೊಡೆದ್ರೆ ಚೆಂಡು ಸಿಗೋದೇ ಇಲ್ಲ," ಎನ್ನುತ್ತಾಳೆ. ಸಿಗುತ್ತದೆ, ಹಲ್ಲು ಕಚ್ಚಿ ಮಾಡು ಎಂದಿದ್ದೇನೆ.

ಅಕ್ಕ

ಜೂನ್ 1

ಅಕ್ಕಾ,

ಮಿಡತೆಯ ವಿಚಾರ. ಅವಳೊಬ್ಬಳನ್ನು ಹಾಗೇ ಬಿಟ್ಟರಾಗದೇ? ಕಾಲು ಉದ್ದ ಇರುವವರಿಗೆ ಕೆಲವು ಸಲ ಬೇರೆ ಥರವೇ ಹೊಂದುತ್ತದೆ. ಇನ್ನೂ ಚಿಕ್ಕವಳು ಬೇರೆ. ಈ ವರ್ಷ ಅವಳಿಗೆ ತೋಚಿದ ಹಾಗೆ ಹೊಡೆಯಲಿ, ತಿದ್ದುವುದನ್ನು ಮುಂದಿನ ವರ್ಷ ನೋಡಿಕೊಳ್ಳಬಹುದು. ನನ್ನ ಮಾತು ಕೇಳು ಅಕ್ಕಾ. ಕೋಲು ಹಿಡಿಯುವುದು ಬೇಡ.

ಇಲ್ಲಿ ಸೆಕೆ ಜಾಸ್ತಿ. ಕಾಗದದ ದೂಳು ಬೆವರಿಗೆ ಅಂಟಿ ಸಂಜೆಯ ಹೊತ್ತಿಗೆ ನಾವೆಲ್ಲ ಸುಣ್ಣ ಬಳಿದ ಗೋಡೆಗಳ ಹಾಗೆ ಕಾಣುತ್ತೇವೆ. ಬೇರೆ ವಿಶೇಷವಿಲ್ಲ.

ತಮ್ಮ

ಜೂನ್ 20

ತಮ್ಮಾ,

ನಿನ್ನ ಕರುಳು ಮೊದಲಿನಿಂದಲೂ ಮೆತ್ತಗೆ. ಹುಡುಗಿ ಅತ್ತಾಳೆಂದು ನಿನಗೆ ಮರುಕ. ನೀನು ಅಳುತ್ತಿರಲಿಲ್ಲವೇ? ಮಹಡಿಯ ಮೆಟ್ಟಿಲ ಮೇಲೆ ಕೂತು ಸುರಿಸುತ್ತಿದ್ದ ಸಿಂಬಳ ನನಗೆ ಮರೆತಿಲ್ಲ. ಅವತ್ತು ನಾನೂ ಹೀಗೇ ಕರಗಿದ್ದರೆ ಇವತ್ತು ನೀನು ಬೇಲಿ ದಾಟಿಸುತ್ತಿದ್ದೆಯಾ? ಉದ್ದ ಕಾಲಿಗೊಂದು ನಿಯಮ, ಗಿಡ್ಡ ಕಾಲಿಗೊಂದು ನಿಯಮ ಎಂದು ನಾನೆಲ್ಲೂ ಕೇಳಿಲ್ಲ.

ಅವಳು ಈಗ ಸುಧಾರಿಸಿದ್ದಾಳೆ. ಮೊಣಕೈ ನಿಂತಿದೆ, ಕಾಲು ನೆಲ ಬಿಡುವುದಿಲ್ಲ. ಚೆಂಡು ಸದ್ಯಕ್ಕೆ ದೂರ ಹೋಗುತ್ತಿಲ್ಲ, ಆದರೆ ನೋಡಲು ಎಷ್ಟು ಅಚ್ಚುಕಟ್ಟು! ಪಂದ್ಯಗಳು ಸೆಪ್ಟೆಂಬರ್ ಮೊದಲ ವಾರ. ಅಷ್ಟರಲ್ಲಿ ಕುದುರುತ್ತದೆ.

ಅಕ್ಕ

ಆಗಸ್ಟ್ 11

ತಮ್ಮಾ,

ಜುಲೈ ಪೂರ್ತಿ ನಿನ್ನಿಂದ ಒಂದು ಅಕ್ಷರವಿಲ್ಲ. ಹುಷಾರಾಗಿದ್ದೀಯಾ? ಅಮ್ಮ ಗೇಟಿನ ಸದ್ದಾದಾಗಲೆಲ್ಲ ಎದ್ದು ಹೋಗುತ್ತಾಳೆ. ಮಿಡತೆಯ ಬಗ್ಗೆ ಸಿಟ್ಟಾಗಿದ್ದರೆ ಅದನ್ನಾದರೂ ಬರೆ, ಜಗಳವಾಡೋಣ. ಸುಮ್ಮನಿರಬೇಡ.

ಅಕ್ಕ

ಸೆಪ್ಟೆಂಬರ್ 14

ಅಕ್ಕಾ,

ಬರೆಯದೇ ಇದ್ದದ್ದಕ್ಕೆ ಕಿವಿ ಹಿಂಡು. ಕೆಲಸ, ಪಂದ್ಯ, ಪ್ರಯಾಣ ಎಂದು ನೆಪ ಹೇಳುವುದಿಲ್ಲ. ಕೂತೆ, ಬರೆಯಲಾಗಲಿಲ್ಲ.

ಆದರೆ ಇವತ್ತು ಬರೆಯಲೇಬೇಕು. ನನ್ನನ್ನು ಇಟ್ಟುಕೊಂಡರು! ತಂಡದಲ್ಲೂ, ಕಾರ್ಖಾನೆಯಲ್ಲೂ. ಕೊನೆಯ ಪಂದ್ಯದಲ್ಲಿ ನಾನು ಹೊಡೆದ ಹೊಡೆತದ ಫೋಟೋ ಇಲ್ಲಿನ ಪೇಪರಿನಲ್ಲಿ ಬಂದಿದೆ. ಕತ್ತರಿಸಿ ಈ ಪತ್ರದ ಜೊತೆ ಇಟ್ಟಿದ್ದೇನೆ. ಮುಖ ಚೆನ್ನಾಗಿ ಬಂದಿದೆ, ಅಮ್ಮನಿಗೆ ತೋರಿಸು. ನಿನ್ನ ಋಣ ಅಕ್ಕಾ.

ನಿನ್ನ ಹುಡುಗಿಯರ ಪಂದ್ಯ ಏನಾಯಿತು?

ತಮ್ಮ

ಸೆಪ್ಟೆಂಬರ್ 25

ತಮ್ಮಾ,

ಅಮ್ಮ ಮುಖ ನೋಡಿದಳು. ತೆಳ್ಳಗಾಗಿದ್ದಾನೆ ಎಂದಳು, ಸೆರಗಿನಿಂದ ಫೋಟೋ ಒರೆಸಿದಳು. ಆಮೇಲೆ ನನ್ನ ಕೈಗೆ ಕೊಟ್ಟಳು. ನಾನು ಕಾಲು ನೋಡಿದೆ.

ನಿನ್ನ ಹಿಮ್ಮಡಿ ಆಕಾಶ ನೋಡುತ್ತಿದೆ. ಬೆರಳ ತುದಿ ನೆಲಕ್ಕೆ ತಾಗಿಯೂ ತಾಗದ ಹಾಗಿದೆ. ಮೊಣಕೈ ಪಕ್ಕೆಯಲ್ಲಿ. ಬ್ಯಾಟಿನ ತಲೆ ಕೈಗಿಂತ ಕೆಳಗಿನಿಂದ ಏರಿ ಬರುತ್ತಿದೆ. ಇದು ನಾನು ಹೇಳಿಕೊಟ್ಟ ಹೊಡೆತವಲ್ಲ. ಇದನ್ನು ನಾನು ಒಬ್ಬಳ ಮೈಯಲ್ಲಿ ಮಾತ್ರ ನೋಡಿದ್ದೆ. ಕೋಲು ಹಿಡಿದು ಬಿಡಿಸಿದೆ.

ನಮ್ಮ ಪಂದ್ಯ ಏನಾಯಿತೆಂದು ಕೇಳಿದ್ದೀಯ. ಎಲ್ಲವನ್ನೂ ಸೋತೆವು. ಮಿಡತೆಗೆ ಒಂದು ಚೆಂಡೂ ಸರಿಯಾಗಿ ಸಿಗಲಿಲ್ಲ. ಬ್ಯಾಟನ್ನು ನನ್ನ ಕಾಲ ಬಳಿ ಇಟ್ಟು, "ನಂಗೆ ಬರಲ್ಲ ಟೀಚರ್," ಎಂದು ಹೋದವಳು ಮತ್ತೆ ಮೈದಾನಕ್ಕೆ ಬಂದಿಲ್ಲ.

ನೀನು ಹೊಡೆತ ಬದಲಾಯಿಸಿಕೊಂಡದ್ದಕ್ಕೆ ನನಗೆ ಸಿಟ್ಟಿಲ್ಲ. ನನಗೆ ಹೆಮ್ಮೆಯೇ ಆಗುತ್ತಿತ್ತು, ಮೊದಲ ಎರಡು ದಿನ ಮುಖ ಊದಿಸಿಕೊಂಡಿದ್ದ ಮೇಲೆ. ಆದರೆ ನಾನು ಕೇಳಿದ್ದೆನಲ್ಲೋ. ಜನ್ಮದಲ್ಲಿ ಒಮ್ಮೆ, ಸೋತು ಕೇಳಿದ್ದೆ. ಯಾಕೆ ಹೀಗೆ ಮಾಡಿದೆ?

ಅಕ್ಕ

ಅಕ್ಟೋಬರ್ 4

ಅಕ್ಕಾ,

ಏಪ್ರಿಲ್‌ನಲ್ಲಿ ನೀನು ಕೇಳಿದಾಗ ನಾನಾಗಲೇ ತಾತ ತೋರಿಸಿದ ಹೊಡೆತಕ್ಕೆ ಬದಲಾಗಿದ್ದೆ. ಹೌದು ಎಂದು ಬರೆಯಲು ಕೂತೆ. ನೀನು ಒಂದೂ ಪಂದ್ಯ ಆಡಲಿಲ್ಲ, ನಿನ್ನ ಆಟವೆಲ್ಲ ನನ್ನ ಕೈಯಲ್ಲಿದೆ. ಅದು ತಪ್ಪು ಎಂದು ನಾನೇ ಹೇಳಿದರೆ ನಿನಗೆ ಏನು ಉಳಿಯುತ್ತದೆ ಅನ್ನಿಸಿತು. ನೀನು ಸಮಾಧಾನ ಕೇಳುತ್ತಿದ್ದೀಯೆಂದುಕೊಂಡೆ. ಉತ್ತರ ಕೇಳುತ್ತಿದ್ದೀಯೆಂದು ತಿಳಿಯಲಿಲ್ಲ.

ಇದು ನನಗೆ ಚಿಕ್ಕಂದಿನಿಂದ ಅಂಟಿದ್ದು. ಮಹಡಿಯ ಮೇಲೆ ನೀನು, "ಚೆಂಡು ಬ್ಯಾಟಿಗೆ ತಾಗಿದ್ದು ಕಾಣಿಸ್ತಾ?" ಎಂದು ಕೇಳುತ್ತಿದ್ದೆ. ನಾನು, "ಕಾಣಿಸ್ತು," ಎನ್ನುತ್ತಿದ್ದೆ. ಒಂದು ದಿನವೂ ಕಂಡಿರಲಿಲ್ಲ. ಯಾರಿಗೂ ಕಾಣುವುದಿಲ್ಲವಂತೆ, ಅಷ್ಟು ಹತ್ತಿರ ಬಂದ ಚೆಂಡು ಕಣ್ಣಿಗೆ ಸಿಗುವುದಿಲ್ಲವಂತೆ. ಕಾಣಿಸ್ತು ಎಂದರೆ ನೀನು ನಗುತ್ತಿದ್ದೆ, ಅದಕ್ಕೇ ಹೇಳುತ್ತಿದ್ದೆ. ನೀನು ಕೋಲು ಹಿಡಿಯುತ್ತಿದ್ದೀಯೆಂದು ಓದಿದ ದಿನವೇ ನಿಜ ಬರೆದಿದ್ದರೂ ಆಗುತ್ತಿತ್ತು. ಕಾಲು ಉದ್ದ, ಗಿಡ್ಡ ಎಂದು ಏನೋ ಗೀಚಿದೆ. ನಾಚಿಕೆಯಾಗುತ್ತಿದೆ.

ಅವಳಿಗೆ ಫೋಟೋ ತೋರಿಸು. ಮೊದಲಿನ ಹಾಗೇ ಹೊಡೆಯಲು ಹೇಳು.

ತಮ್ಮ

ಅಕ್ಟೋಬರ್ 21

ತಮ್ಮಾ,

ಹೋಗಿದ್ದೆ. ಅಂಗಡಿಯ ಹಿಂದೆ ಒದ್ದೆ ಬಟ್ಟೆ ನೇತುಹಾಕಿದ ಅಂಗಳ. ಮಿಡತೆ ಹಾಸಿಗೆಯ ಹೊದಿಕೆ ಹಿಂಡುತ್ತಿದ್ದಳು. ನನ್ನನ್ನು ನೋಡಿ ಕೈ ಒರೆಸಿಕೊಂಡು ನಿಂತಳು, ನಾನು ಬೈಯಲು ಬಂದೆ ಎಂದುಕೊಂಡಿರಬೇಕು. ಅವಳ ತಾಯಿ, "ಇವಳು ಈಗ ಆಟ ಅಂದ್ರೆ ಮುಖ ತಿರುಗಿಸ್ತಾಳೆ, ಏನಾಯ್ತೋ ಏನೋ," ಅಂದಳು. ಮಿಡತೆಗೆ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದಳು. "ಇದು ನನ್ನ ಹಾಗೇ ಇದೆಯಲ್ಲ ಟೀಚರ್," ಎಂದಳು.

"ಹೌದು ಕಣೆ. ನಿನ್ನದೇ ಸರಿ ಇತ್ತು. ನಾನು ಕೆಡಿಸಿದೆ," ಅಂದೆ. ತಪ್ಪು ನನ್ನದು, ನಾನು ವಿಚಾರಿಸದೆ ಹೇಳಿಕೊಟ್ಟೆ ಎಂದೆ. ನಿನ್ನ ಮಾತು ಎತ್ತಲಿಲ್ಲ. ಆ ಮಕ್ಕಳು ನಿನ್ನ ಪತ್ರಕ್ಕೆ ಚಪ್ಪಾಳೆ ಹೊಡೆದವರು. ಅದನ್ನಾದರೂ ಉಳಿಸೋಣವೆನ್ನಿಸಿತು.

ಅವಳು ಬಿಟ್ಟುಹೋಗಿದ್ದ ಬ್ಯಾಟನ್ನು ಕೈಗೆ ಕೊಟ್ಟು ಅಲ್ಲೇ ಅಂಗಳದಲ್ಲಿ ಚೆಂಡು ಎಸೆದೆ, ನನ್ನ ಈ ಹಾಳು ಭುಜದಿಂದಲೇ. ಅವಳು ಮೊಗೆಯಲು ಹೋಗುತ್ತಾಳೆ, ನಡುವೆ ಮೊಣಕೈ ತಾನಾಗಿ ಏಳುತ್ತದೆ. ಕೈ ಇಳಿಸಿದರೆ ಕಾಲು ಹೂತುಕೊಳ್ಳುತ್ತದೆ. ಕಾಲು ಎತ್ತಿದರೆ ಚೆಂಡು ಹೋಗಿಬಿಟ್ಟಿರುತ್ತದೆ. ಮತ್ತೆ ಮತ್ತೆ ಹೊಡೆದಳು. ಕೊನೆಗೆ ಬ್ಯಾಟನ್ನೇ ನೋಡುತ್ತಾ ನಿಂತು, "ಮೊದ್ಲು ಹೆಂಗೆ ಹೊಡೀತಿದ್ದೆ ಟೀಚರ್? ನೀವು ನೋಡಿದ್ರಲ್ಲ, ಹೇಳ್ಕೊಡಿ," ಎಂದಳು. ಯಾರೂ ಹೇಳಿಕೊಡದೇ ಅವಳಿಗೆ ಬಂದಿದ್ದದ್ದು ಅದು. ಅದನ್ನು ನಾನು ಹೇಗೆ ಹೇಳಿಕೊಡಲಿ?

ನಿನ್ನ ಮೇಲಿನ ಸಿಟ್ಟು ಆ ಅಂಗಳದಲ್ಲೇ ಮುಗಿಯಿತು. ಕೋಲು ಹಿಡಿದದ್ದು ನನ್ನ ಕೈ. ಈಗ ಒಂದೇ ಒಂದು ಕೇಳುತ್ತೇನೆ, ನನ್ನ ಮುಖ ನೆನೆಸಿಕೊಳ್ಳದೆ ಉತ್ತರ ಬರೆ. ಆ ಹೊಡೆತ ಅವಳಿಗೆ ಮತ್ತೆ ಬರುತ್ತದೋ ಇಲ್ಲವೋ?

ಅಕ್ಕ

ನವೆಂಬರ್ 2

ಅಕ್ಕಾ,

ತಾತನಿಗೆ ಎಲ್ಲವನ್ನೂ ಹೇಳಿದೆ. ಕೋಲಿನ ವಿಚಾರವನ್ನೂ, ನನ್ನ ಏಪ್ರಿಲ್ ಪತ್ರದ ವಿಚಾರವನ್ನೂ.

"ನಿಂದು ಹೇಳ್ಕೊಟ್ಟಿದ್ದು. ಅದನ್ನ ಬಿಡಿಸಿ ಬೇರೆ ಹೇಳ್ಕೊಡೋಕಾಯ್ತು," ಎಂದರು. "ಆ ಮಗೂದು ತಾನಾಗೇ ಬಂದಿದ್ದು. ಈಗ ಅವಳು ಕೈ ಎಲ್ಲಿದೆ, ಕಾಲು ಎಲ್ಲಿದೆ ಅಂತ ಯೋಚನೆ ಮಾಡ್ತಾಳಲ್ಲ, ಅದು ನಿಲ್ಲೋದೇ ಕಷ್ಟ. ಚೆಂಡು ಅಷ್ಟು ಹೊತ್ತು ಕಾಯಲ್ಲ. ಒಬ್ಬಿಬ್ಬರಿಗೆ ವಾಪಸ್ ಬಂದಿದ್ದು ನೋಡಿದೀನಿ. ಹೆಚ್ಚಿನವರು ಆಟಾನೇ ಬಿಟ್ರು."

ಅವಳಿಗೆ ಇನ್ನೂ ಹೇಳಿಕೊಡಬಹುದು. ತಾತ ನನಗೆ ಹೇಳಿಕೊಟ್ಟ ಹಾಗೆ ಒಂದೊಂದಾಗಿ ಕಲಿಸಿದರೆ ಅವಳು ಚೆನ್ನಾಗಿಯೇ ಆಡಿಯಾಳು. ನನ್ನಷ್ಟು. ಮಾಡು ದಾಟಿಸಿ ಮೂಗು ಕೆರೆದುಕೊಳ್ಳುತ್ತಿದ್ದ ಹುಡುಗಿಯಾಗಿ ಅಲ್ಲ.

ಬರುತ್ತದೆ, ಯೋಚನೆ ಮಾಡಬೇಡ ಎಂದು ಬರೆಯಲು ಕೈ ತುಡಿಯುತ್ತಿದೆ. ಬರೆದರೆ ನಿನಗೆ ಇವತ್ತು ನಿದ್ದೆಯಾದರೂ ಬರುತ್ತದೆ. ಬರೆಯುವುದಿಲ್ಲ. ಬರಲಿಕ್ಕಿಲ್ಲ ಅಕ್ಕಾ.

ರಜೆ ಹಾಕಿದ್ದೇನೆ, ಶನಿವಾರದ ಗಾಡಿಗೆ ಹೊರಡುತ್ತೇನೆ. ಸ್ಟೇಷನ್ನಿನಿಂದ ಮೊದಲು ಮನೆಗೆ ಬರುವುದಿಲ್ಲ, ಅಮ್ಮನಿಗೆ ಹೇಳಿರು. ಬಟ್ಟೆ ಒಗೆಯುವ ಅಂಗಡಿಗೆ ಹೋಗುತ್ತೇನೆ. ಆ ಹುಡುಗಿ ಎದುರಿಗೆ ಬಂದರೆ ಹೇಳುತ್ತೇನೆ: ನಿಮ್ಮ ಟೀಚರ್ ವಿಚಾರಿಸಿದ್ದರು, ನಿನಗೋಸ್ಕರವೇ ವಿಚಾರಿಸಿದ್ದರು. ಗೊತ್ತಿದ್ದವನು ನಾನು. ನಾನು ಹೇಳಲಿಲ್ಲ.

ತಮ್ಮ